ನೀಲಿ ಜೇಡಿಯ ಎತ್ತುಗಳು

ನಮ್ಮ ಸೀಮೆಯಲ್ಲಿ ಹುಟ್ಟಿ ಕಲ್ಲಿನ ಶಾಸ್ತ್ರ ಓದಿದವನು ಕಲ್ಲಿನ ಹತ್ತಿರವೇ ಇರಬೇಕು. ಒಂದು ಕಡೆ ಸಂಡೂರು, ಗುಡ್ಡಕ್ಕೆ ಗುಡ್ಡವೇ ಕಬ್ಬಿಣ. ಇನ್ನೊಂದು ಕಡೆ ಹಂಪಿ, ಕಣ್ಣು ಹಾಯಿಸಿದಲ್ಲೆಲ್ಲ ಒಂದರ ಮೇಲೊಂದು ಕುಂತ ಬಂಡೆ. ಇವೆರಡರ ನಡುವಿನ ಹೊಸಪೇಟೆಯಲ್ಲಿ ಬೆಳೆದ ನಾನು ಇದನ್ನೆಲ್ಲ ಬಿಟ್ಟು, ಕೃಷ್ಣಾ ನದಿ ಸಮುದ್ರ ಸೇರುವ ದಂಡೆಗೆ ಹೋಗಿ ಕೆಸರು ತೋಡುವ ನೌಕರಿ ಹಿಡಿದೆ. ಅಂದಿನಿಂದ ರಜೆಗೆ ಊರಿಗೆ ಬಂದರೆ ಬಸ್ ಸ್ಟ್ಯಾಂಡಿನಲ್ಲೇ ವಿಚಾರಣೆ ಶುರುವಾಗುತ್ತಿತ್ತು.

ಸಂಡೂರಿನ ಗಣಿಯಲ್ಲಿ ಮೇಸ್ತ್ರಿಯಾಗಿದ್ದ ನಮ್ಮ ಅಣ್ಣ, ಅಂದರೆ ದೊಡ್ಡವ್ವನ ಮಗ, ಕೇಳುವುದು ಒಂದೇ ಪ್ರಶ್ನೆ. "ಅಲ್ಲಲೇ, ಮನಿ ಮುಂದ ಕಬ್ಬಿಣದ ಗುಡ್ಡ ಬಿದ್ದಾವು. ಅಷ್ಟು ದೂರ ಹೋಗಿ ರಾಡಿ ಯಾಕ ಕಲಸಾಕತ್ತಿ?" ಹಂಪಿ ಕಡೆಯಿಂದ ಬಾಳೆಎಲೆ ತರುವವನದು ಇನ್ನೊಂದು. "ಸಾಹೇಬ್ರ, ನೀವು ಓದಿದೋರು. ಈ ಬಂಡಿಗಲ್ಲು ಯಾರು ಎತ್ತಿ ಇಟ್ರು ಹೇಳ್ರಿ." ಯಾರೂ ಎತ್ತಿ ಇಟ್ಟಿಲ್ಲ, ಮಳೆ ಬಿಸಿಲಿಗೆ ಬಿರುಕು ಬಿಟ್ಟು ಹಾಗೆ ಉಳಿದದ್ದು ಎಂದರೆ ಅವನ ಮುಖ ಸಪ್ಪಗಾಗುತ್ತಿತ್ತು. ಇಷ್ಟು ಓದಿ ಇದನ್ನು ಹೇಳುತ್ತಾನಲ್ಲ ಎಂಬ ಕನಿಕರ.

ನಮ್ಮ ಕೆಲಸವನ್ನು ಇವರಿಗೆ ತಿಳಿಸುವುದು ನನ್ನಿಂದ ಕಡೆಗೂ ಆಗಲಿಲ್ಲ. ಓದುವವರಿಗಾದರೂ ಹೇಳಿಬಿಡುತ್ತೇನೆ. ನದಿಗಳು ಯುಗಯುಗಗಳಿಂದ ಹೊತ್ತು ತಂದ ಮರಳು, ಮಣ್ಣು ಕಡಲಂಚಿನ ತಗ್ಗಿನಲ್ಲಿ ಪದರ ಪದರವಾಗಿ ಕುಳಿತಿರುತ್ತದೆ. ಮರಳಿನ ಪದರ ನೀರು ಹಿಡಿದಿಡುತ್ತದೆ, ಜೇಡಿಯ ಪದರ ನೀರು ದಾಟಗೊಡುವುದಿಲ್ಲ. ನಾವಿದ್ದ ದಂಡೆಯ ಊರುಗಳಲ್ಲಿ ಮೇಲಿನ ಮರಳಿನ ತುಂಬ ಉಪ್ಪು ನೀರು. ಅಲ್ಲಿಯ ಹೆಣ್ಣುಮಕ್ಕಳು ಎದ್ದ ಕೂಡಲೇ ಕೊಡ ಹೊತ್ತು ಇನ್ನೊಂದು ಊರಿನ ಕೆರೆಗೆ ಹೋಗಬೇಕು. ಆಳದಲ್ಲಿ ಒಂದು ದಪ್ಪ ನೀಲಿ ಜೇಡಿ ಇದೆ, ಅದರ ಕೆಳಗಿನ ಮರಳಿನಲ್ಲಿ ಸಿಹಿನೀರಿದೆ ಎಂದು ನಮಗೆ ಗೊತ್ತಾಗಿತ್ತು. ಆದರೆ ಆ ನೀಲಿ ಜೇಡಿ ಎಲ್ಲ ಊರುಗಳ ಕೆಳಗೂ ಒಂದೇ ಕಂಬಳಿಯಂತೆ ಹಾಸಿದೆಯೋ, ಎಲ್ಲಾದರೂ ಹರಿದಿದೆಯೋ? ಹರಿದ ಕಡೆ ಬಾವಿ ಕೊರೆದರೆ ಮೇಲಿನ ಉಪ್ಪು ಕೆಳಗಿಳಿದು ಇದ್ದ ಸಿಹಿಯೂ ಕೆಡುತ್ತದೆ.

ಬೇರೆಲ್ಲ ಊರುಗಳ ಜೇಡಿಯೂ ಮೊದಲೇ ಹೈದರಾಬಾದಿನ ಪ್ರಯೋಗಶಾಲೆ ಸೇರಿತ್ತು. ಉಳಿದದ್ದು ಕಟ್ಟಕಡೆಯ ಒಂದು ಊರು. ಮಳೆ ಹಿಡಿಯುವ ಮುಂಚೆ ಅಲ್ಲಿ ಕೊರೆದೆವು. ನೀಲಿ ಜೇಡಿ ಒಂದು ಚೀಲದಷ್ಟು ಮೇಲೆ ಬಂತು, ಅಷ್ಟಕ್ಕೇ ಕೊಳವೆ ಮುರಿಯಿತು, ಯಂತ್ರವನ್ನು ಬೇರೆ ಜಿಲ್ಲೆಗೆ ಒಯ್ದರು. ಅಂದರೆ ಆ ಊರಿಗೆ ಬಾವಿ ಬೀಳುತ್ತದೋ ಇಲ್ಲವೋ ಎಂಬುದು ಆ ಒಂದು ಚೀಲದಲ್ಲಿತ್ತು. ಅದು ಉಳಿದ ಊರುಗಳ ಜೇಡಿಗೆ ಹೊಂದಿದರೆ ಬಾವಿ, ಹೊಂದದಿದ್ದರೆ ಅಥವಾ ಚೀಲವೇ ಇಲ್ಲದಿದ್ದರೆ ಆ ಊರಿನ ಹೆಸರು ಪಟ್ಟಿಯಿಂದ ಹೊರಗೆ. ಪ್ರಯೋಗಶಾಲೆಯವರು ನಮ್ಮ ಸರದಿ ಮುಂದಿನ ವಾರ ಎಂದರು. ದಂಡೆಯ ಶೆಡ್ಡು ಸೋರುತ್ತಿತ್ತು. ಅಲ್ಲಿ ಬಿಡುವುದು ಬೇಡವೆಂದು ಆ ನೀಲಿ ಜೇಡಿಯನ್ನೂ ಅದರ ಮೇಲಿನ ಪದರಗಳಿಂದ ಬಂದ ಬೇರೆ ಬಣ್ಣದ ಜೇಡಿಗಳನ್ನೂ ಎಣ್ಣೆ ಡಬ್ಬಿಗಳಲ್ಲಿ ತುಂಬಿ, ಒಂದೊಂದರೊಳಗೂ ಗುರುತಿನ ತಗಡು ಇಟ್ಟು, ರೈಲು ಹತ್ತಿ ಮನೆಗೆ ತಂದೆ. ಮನೆಗಿಂತ ಭದ್ರವಾದ ಜಾಗ ಯಾವುದಿದೆ ಎಂದುಕೊಂಡಿದ್ದೆ.

ಮನೆಯಲ್ಲಿದ್ದವಳು ದೊಡ್ಡವ್ವ. ನನ್ನನ್ನು ಸಾಕಿದವಳು ಅವಳೇ. ನನ್ನ ಬಾಯಲ್ಲಿ ಇವತ್ತು ನಾಲ್ಕು ಮಾತು ಹೊರಡುತ್ತಿದ್ದರೆ ಅದು ಅವಳೂ ಅವಳ ಓರಗೆಯ ಮುದುಕಿಯರೂ ಕಟ್ಟೆಯ ಮೇಲೆ ಕುಳಿತು ಆಡಿದ್ದನ್ನು ಕೇಳಿದ್ದರಿಂದ. ಡಬ್ಬಿಗಳನ್ನು ಇಳಿಸುವಾಗ ಅವಳು ಒಂದರ ಮುಚ್ಚಳ ತೆಗೆದು, ಬೆರಳಿನಿಂದ ಒತ್ತಿ ನೋಡಿ, ನನ್ನ ತಲೆ ನೇವರಿಸಿದಳು. "ಭಾಳ ಛಲೋ ಮಾಡಿದಿ ನೋಡು." ಇಷ್ಟು ದಿನಕ್ಕೆ ನಮ್ಮ ವಿದ್ಯೆಗೆ ಒಬ್ಬರಾದರೂ ಬೆಲೆ ಕೊಟ್ಟರು ಎಂದು ನಾನು ಹಿಗ್ಗಿದೆ.

ಮರುದಿನ ಅಣ್ಣ ನನ್ನನ್ನು ಸಂಡೂರಿಗೆ ಎಳೆದುಕೊಂಡು ಹೋದ. ಗಣಿ ತೋರಿಸಿದರೆ ಬುದ್ಧಿ ಬಂದೀತು ಎಂಬ ಆಸೆ. ಕೆಂಪು ಧೂಳಿನಲ್ಲಿ ದಿನವಿಡೀ ನಡೆಸಿ, ಒಂದೊಂದು ಗುಡ್ಡಕ್ಕೂ ನಿಲ್ಲಿಸಿ, ಹೆಂಗೈತಿ ಎಂದು ಕೇಳಿದ. ಭಾಳ ಛಲೋ ಐತಿ ಎಂದು ಹೇಳಿ ಹೇಳಿ ಬಾಯಿ ಒಣಗಿತು. ಸಂಜೆ ಹೊಸಪೇಟೆಗೆ ಮರಳಿದಾಗ ಇಬ್ಬರ ಅಂಗಿಗಳೂ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು.

ಪಡಸಾಲೆಗೆ ಕಾಲಿಟ್ಟರೆ ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಾಲಾಗಿ ಮಣ್ಣಿನ ಎತ್ತುಗಳು. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ ಎಂಬುದು ಆಗ ನೆನಪಾಯಿತು. ನಮ್ಮ ಕಡೆ ಆ ದಿನ ಹೊಸ ಮಣ್ಣಿನಲ್ಲಿ ಜೋಡೆತ್ತು, ಅವಕ್ಕೆ ಮೇವು ಹಾಕುವ ಗ್ವಾದಲಿ ಮಾಡಿ, ಕೊಂಬಿಗೆ ಕೋಡುಬಳೆ ತೊಡಿಸಿ ಪೂಜೆ ಮಾಡುತ್ತಾರೆ. ಪೇಟೆಯಲ್ಲಿ ಕೊಂಡ ಎತ್ತು ನಮ್ಮ ಮನೆಗೆ ನಡೆಯುವುದಿಲ್ಲ, ಮನೆಯ ಹೆಂಗಸರ ಕೈಯಿಂದಲೇ ಆಗಬೇಕು. ಚೆನ್ನಾಗಿದ್ದವು ಎತ್ತುಗಳು. ಒಂದು ಜೋಡಿ ಬೂದಿ ಬಣ್ಣ, ಒಂದು ಹಳದಿ, ಒಂದು ಕಪ್ಪು. ಕಪ್ಪು ಎತ್ತಿನ ಕಣ್ಣು ಮಾತ್ರ ವಿಚಿತ್ರವಾಗಿ ಹೊಳೆಯುತ್ತಿತ್ತು. ಬಗ್ಗಿ ನೋಡಿದೆ. ಅದು ಸಮುದ್ರದ ಚಿಪ್ಪು.

"ದೊಡ್ಡವ್ವಾ, ಈ ಮಣ್ಣು ಎಲ್ಲೀದು?"

"ಎಲ್ಲೀದು ಅಂದ್ರ? ನೀ ತಂದದ್ದ. ಎಂಥಾ ಮಣ್ಣಪಾ ಅದು, ಬೆಣ್ಣಿ ಬೆಣ್ಣಿ. ಒಂದು ಹರಳಿಲ್ಲ. ನಡುವ ಚಿಪ್ಪು ಸಿಕ್ಕವು, ಕಣ್ಣಿಗೆ ಆದವು. ಓಣ್ಯಾಗ ಎಲ್ಲಾರೂ ಬಂದು ಕೇಳಿದ್ರು, ಯಾರಿಗೂ ಇಲ್ಲ ಅನ್ಲಿಲ್ಲ."

ನಾನು ಕಂಬಕ್ಕೆ ಒರಗಿದೆ. ಡಬ್ಬಿಗಳನ್ನು ತೊಳೆದು ಬೋರಲು ಹಾಕಿದ್ದರು.

"ಅದು ಸರ್ಕಾರದ ಮಣ್ಣು, ದೊಡ್ಡವ್ವಾ."

"ಮಣ್ಣಿನ್ಯಾಗ ಸರ್ಕಾರದ್ದು ಬ್ಯಾರೆ ಇರ್ತತೇನು?"

ಅಣ್ಣ ಹಿಂದೆ ನಿಂತು ನಗು ತಡೆಯಲು ಹೆಗಲ ಟವೆಲ್ಲು ಕಚ್ಚಿಕೊಂಡಿದ್ದ. "ಅವ್ವಾ, ಆತ ಅದನ್ನ ಪರೀಕ್ಷೆ ಮಾಡಾಕ ತಂದಿದ್ದ."

"ಪರೀಕ್ಷೆ ಮಾಡೋ ಮಣ್ಣು ಹಬ್ಬದ ಮುಂದ ತರ್ತಾರೇನು? ಹ್ವಾದ ಸಲ ಬಂದಾಗ ಹೇಳಿದ್ದೆ ಆತಗ, ಎತ್ತಿಗೆ ಮಣ್ಣು ಸಿಗವಲ್ದು ಅಂತ. ನೆನಪಿಟ್ಟು ತಂದಾನ ಅಂತ ಓಣಿಗೆಲ್ಲಾ ಹೇಳಿ ಬಂದೀನಿ."

ಹೇಳಿದ್ದಳು, ಸುಳ್ಳಲ್ಲ. ಕಾಲುವೆ ನೀರು ಬಂದ ಮೇಲೆ ಎಲ್ಲರ ಕೈಯಲ್ಲೂ ಕಬ್ಬು, ಬಾಳೆ, ಭತ್ತದ ದುಡ್ಡು ಆಡತೊಡಗಿತ್ತು. ಹಳೆಯ ಮಣ್ಣಿನ ಮಾಳಿಗೆ ಕೆಡವಿ ಇಟ್ಟಿಗೆ ಮನೆ ಕಟ್ಟುವವರೇ ಎಲ್ಲರೂ. ಊರ ಹೊರಗೆ ಒಳ್ಳೆಯ ಜೇಡಿ ಇದ್ದ ಕಡೆಯೆಲ್ಲ ಇಟ್ಟಿಗೆ ಭಟ್ಟಿ ಎದ್ದಿದ್ದವು. ಎತ್ತು ಮಾಡಲು ಒಂದು ಬುಟ್ಟಿ ಮಣ್ಣು ಕೇಳಿದರೆ ಭಟ್ಟಿಯವರು ಗದರಿಸುತ್ತಿದ್ದರು. ಇದನ್ನು ದೊಡ್ಡವ್ವ ಹೇಳಿದಾಗ ನಾನು ಹೂಂಗುಟ್ಟಿದ್ದೆ. ಆ ಹೂಂ ಇಷ್ಟು ದೂರ ಹೋಗುತ್ತದೆಂದು ಯಾರಿಗೆ ಗೊತ್ತು.

"ಎತ್ತಿಗೆ ನಮ್ಮ ನೆಲದ ಮಣ್ಣ ಆಗಬೇಕು ಅಂತೀಯಲ್ಲ ಯಾವಾಗಲೂ. ಇದು ಸಮುದ್ರದ ದಂಡಿದು," ಎಂದೆ, ಒಂದು ಹುಲ್ಲುಕಡ್ಡಿ ಹಿಡಿದಂತೆ.

"ನೀನ ಹೇಳಿದ್ದಿಲ್ಲೇನು? ನಮ್ಮ ಹೊಳಿ ಮುಂದ ಹೋಗಿ ಕೃಷ್ಣಾ ಕೂಡತೈತಿ, ಇಲ್ಲಿ ಮಣ್ಣ ಹೊತ್ಕೊಂಡು ಹೋಗಿ ಅಲ್ಲೆ ಇಳಸತೈತಿ ಅಂತ? ಅಂದಮ್ಯಾಲೆ ನಮ್ಮ ಮಣ್ಣ ಆತಲ್ಲ. ಹ್ವಾದದ್ದು ತಿರುಗಿ ಬಂತು."

ವರ್ಷಗಟ್ಟಲೆ ನಾನು ಹೇಳಿದ್ದರಲ್ಲಿ ಒಂದೇ ಒಂದು ಮಾತು ಈ ಮನೆಯಲ್ಲಿ ನಾಟಿತ್ತು. ಅದೂ ನನ್ನ ಕೊರಳಿಗೇ ಬಂತು.

"ನಿನ್ನ ತಗಡು ಯಾವೂ ಕಳದಿಲ್ಲ, ಎಲ್ಲಾ ತೊಳದು ಇಟ್ಟೀನಿ," ಎಂದು ಸಮಾಧಾನ ಮಾಡುತ್ತಾ ಒಂದು ಬಟ್ಟಲು ತಂದಳು. ಗುರುತಿನ ತಗಡುಗಳೆಲ್ಲ ಅದರಲ್ಲಿ ಥಳಥಳ ಹೊಳೆಯುತ್ತಿದ್ದವು. ಯಾವುದು ಯಾವ ಎತ್ತಿನದೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಸಿಟ್ಟು ಯಾರ ಮೇಲೆ ಮಾಡುವುದು? ಬೈಯೋಣವೆಂದರೆ ಹಬ್ಬದ ಮನೆ. ಹಳದಿ, ಕಪ್ಪು, ಬೂದಿ ಹೋದರೆ ಹೋಗಲಿ, ಅವುಗಳ ಅಣ್ಣ ತಮ್ಮಂದಿರು ಆಗಲೇ ಪ್ರಯೋಗಶಾಲೆಯಲ್ಲಿದ್ದರು. ಬೇಕಾದದ್ದು ಕಡೆಯ ಊರಿನ ನೀಲಿ. ಹಲಗೆಯ ಈ ತುದಿಯಿಂದ ಆ ತುದಿಗೆ ಹುಡುಕಿದೆ. ನೀಲಿ ಎತ್ತು ಇರಲಿಲ್ಲ. ಓಣಿಯ ಮನೆಮನೆಗೂ ಹೋಗಿ ಬಂದೆ. ಒಬ್ಬೊಬ್ಬರೂ ಕೈಮುಗಿದು, ಒಳ್ಳೆ ಮಣ್ಣು ತಂದಿರೆಂದು ಹೊಗಳಿ, ಚಹಾ ಕುಡಿಸಿ ಕಳಿಸಿದರು. ಅಲ್ಲಿಯೂ ಇರಲಿಲ್ಲ.

"ಆ ನೀಲಿ ಮಣ್ಣೇನು?" ಎಂದಳು ದೊಡ್ಡವ್ವ, ಹೂರಣ ರುಬ್ಬುತ್ತಾ. "ಅದು ಎಲ್ಲಾಕಿಂತ ಛಲೋ ಇತ್ತು. ಕಂಪ್ಲಿಯಿಂದ ನಿಮ್ಮ ಮಾವ ಬಂದಿದ್ದ, ಅಕ್ಕಗ ಎತ್ತು ಮಾಡಿ ಕಳಿಸಿನಿ. ಹೆಣ್ಣುಮಗಳ ಮನಿಗೆ ಮಿಕ್ಕಿದ್ದು ಕಳಸಾಕ ಬರ್ತತೇನು?"

ಅಕ್ಕ ಎಂದರೆ ದೊಡ್ಡವ್ವನ ಮಗಳು, ಮಾವ ಅವಳ ಗಂಡ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಕಂಪ್ಲಿಗೆ ಹೊರಟೆ. ಪೂಜೆಗೆ ಮುಂಚೆ ಹೋಗಿ ತಲುಪಿದರೆ ಅವು ಬರೀ ಮಣ್ಣು, ಕೇಳಿದರೆ ಅಕ್ಕ ಕೊಟ್ಟಾಳು. ಪೂಜೆಯಾದರೆ ಮುಗಿಯಿತು. ಕಮಲಾಪುರ ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಬಸ್ಸಿನ ಗಾಲಿ ಪಂಕ್ಚರ್. ಡ್ರೈವರು ಇಳಿದು ನೋಡಿ ಬೀಡಿ ಹಚ್ಚಿದ. ಪಕ್ಕದ ಸೀಟಿನ ರೈತನೊಬ್ಬನಿಗೆ ನಾನು ನೆಲದೊಳಗಿನ ನೀರಿನ ಕೆಲಸದವನೆಂದು ಬಾಯಿತಪ್ಪಿ ಹೇಳಿದ್ದೆ.

"ಹಂಗಾರ ಬೋರಿಗೆ ಪಾಯಿಂಟ್ ಹಾಕ್ತೀರಿ ಅನ್ರಿ. ತೆಂಗಿನಕಾಯಿ ಹಿಡೀತೀರೋ, ಬೇವಿನ ಕಡ್ಡಿನೋ?"

"ಎರಡೂ ಇಲ್ರಿ. ಮಣ್ಣು ನೋಡಿ ಹೇಳ್ತೀವಿ."

"ಬರೀ ಮಣ್ಣು ನೋಡಿ ನೀರು ಹೆಂಗ ಗೊತ್ತಾಗತೈತ್ರಿ?" ಎಂದು ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಮ್ಮೂರಾಗ ಒಬ್ಬಾತ ಅದಾನ. ಅಂಗೈ ಮ್ಯಾಲೆ ಕಾಯಿ ಇಟ್ಕೊಂಡು ಹೊಂಟ್ರ ಎದ್ದು ನಿಂದರತೈತಿ. ಅವನ್ ಕಡೆ ಒಂದೀಟು ಕಲ್ಕೋರಿ."

ಸ್ಟೆಪ್ನಿ ಹಾಕುವವರೆಗೂ ಆ ಕಾಯಿಯ ಮಹಿಮೆ ಕೇಳುತ್ತಾ ರಸ್ತೆ ಬದಿ ನಿಂತೆ. ಎರಡೂ ಕಡೆ ಕಾಲುವೆ ನೀರು ನಿಂತ ಗದ್ದೆಗಳು, ಬಾಳೆ ತೋಟಗಳು. ನೋಡಿದವರ ಕಣ್ಣು ತಂಪಾಗಬೇಕು. ನನಗೆ ಏನೂ ಕಾಣಲಿಲ್ಲ.

ಅಕ್ಕನ ಮನೆಯ ಹೊಸ್ತಿಲಲ್ಲೇ ಊದಿನಕಡ್ಡಿಯ ವಾಸನೆ ಬಂತು. ಪೂಜೆ ಆಗಿಹೋಗಿತ್ತು. ಮಣೆಯ ಮೇಲೆ ನನ್ನ ಕಡೆಯ ಊರಿನ ಜೇಡಿ, ನೀಲಿಗೆ ನೀಲಿ, ಎರಡು ಕೊಬ್ಬಿದ ಎತ್ತುಗಳಾಗಿ ನಿಂತಿತ್ತು. ಹಣೆಗೆ ಅರಿಷಿಣ ಕುಂಕುಮ, ಕೊಂಬಿಗೆ ಕೋಡುಬಳೆ, ಮುಂದೆ ಗ್ವಾದಲಿಯಲ್ಲಿ ಹಿಡಿ ಜೋಳ.

"ಬಾ ತಮ್ಮಾ, ಹಬ್ಬಕ್ಕ ಸರಿಯಾಗಿ ಬಂದಿ," ಎಂದಳು ಅಕ್ಕ. "ಕೈಕಾಲು ತೊಳಕೋ, ಉಣ್ಣು."

"ಅಕ್ಕಾ, ಆ ಎತ್ತು ನನಗ ಬೇಕು."

"ಮೊದಲ ಉಣ್ಣು."

ಹೋಳಿಗೆ, ಅದರ ಮೇಲೆ ತುಪ್ಪ, ಮತ್ತೆ ಹೋಳಿಗೆ. ನಾನು ವಿಷಯ ಎತ್ತಿದಾಗೆಲ್ಲ ಅವಳು ಎಲೆಗೆ ಇನ್ನೊಂದು ಹಾಕುತ್ತಿದ್ದಳು. ಕೊನೆಗೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಎಲ್ಲವನ್ನೂ ಹೇಳಿದೆ: ಮುರಿದ ಕೊಳವೆ, ಉಳಿದ ಒಂದೇ ಚೀಲ, ಮುಂದಿನ ವಾರದ ಸರದಿ.

"ನಾಗರ ಪಂಚಮಿಗೆ ಹೊಲಕ್ಕ ಒಯ್ಯೂತನಕ ಕದಲಿಸಾಕ ಬರೂದಿಲ್ಲ," ಎಂದಳು ಅಕ್ಕ. "ಆಮ್ಯಾಲೆ ತಗೊಂಡು ಹೋಗು."

"ಆಮೇಲೆ ತಗೊಂಡು ಏನು ಮಾಡ್ಲಿ? ಒಂದರ ಹೊಟ್ಟಿಯಾಗಿಂದ ಒಂದು ಚೂರು ಕೆರಕೊಂತೀನಿ."

"ಪೂಜಿ ಆದ ಎತ್ತಿನ ಹೊಟ್ಟಿ ಕೆರೀತಾನಂತ. ಕೇಳ್ರಿ ಇವನ ಮಾತು."

ಮಾವ ಎಲೆ ಅಡಿಕೆ ಮಡಚಿ, "ನಡಿಯಪಾ, ಊಟ ಅರಗಬೇಕು, ಹೊಲಕ್ಕ ಹೋಗಿ ಬರೂಣು," ಎಂದ. ಬೇಡ ಮಾವ ಎಂದರೂ ಬಿಡಲಿಲ್ಲ. ಅಕ್ಕನೂ ಎತ್ತುಗಳಿಗೆ ಕೈಮುಗಿದು ಹಿಂದೆ ಬಂದಳು, ನಾನು ಒಬ್ಬನೇ ಹಿಂತಿರುಗದಿರಲಿ ಎಂದಿರಬೇಕು.

ಅವರ ಕೆಳಗಿನ ಹೊಲವನ್ನು ನಾನು ನೋಡಿ ಬಹಳ ವರ್ಷವಾಗಿತ್ತು. ಒಂದು ಕಾಲಕ್ಕೆ ಅದೇ ಅವರ ಒಳ್ಳೆಯ ಹೊಲ. ಈಗ ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪೊರೆ, ಅಲ್ಲಲ್ಲಿ ನಿಂತ ನೀರು, ಒಂದು ಮೂಲೆಯಲ್ಲಿ ಜೊಂಡು.

"ಕಾಲಿವಿ ಬಂದ ಮ್ಯಾಲೆ ಮ್ಯಾಲಿನ ಹೊಲ ಎಲ್ಲಾ ಬಂಗಾರ ಆದ್ವು. ಇದು ನೋಡು, ಉಪ್ಪಿನ ಮಡಿ ಆತು," ಎಂದ ಮಾವ. "ಎಷ್ಟು ನೀರು ಹಾಯಿಸಿ ತೊಳದ್ರೂ ಮತ್ತ ಬೆಳ್ಳಗ ಏಳತೈತಿ."

"ನೀರು ಹಾಯಿಸಬ್ಯಾಡ್ರಿ ಮಾವಾರ, ಹೊರಗ ಹಾಕ್ರಿ. ಕೆಳಗ ಜೇಡಿ ಐತಿ, ನೀರು ಇಳಿಯಂಗಿಲ್ಲ. ಇದ್ದ ನೀರು ಬಿಸಿಲಿಗೆ ಆರಿ ಉಪ್ಪು ಮ್ಯಾಲೆ ಉಳೀತೈತಿ. ಆ ದಂಡಿ ಊರಾಗ ಇಂಥಾ ಜೇಡೀನ ಮ್ಯಾಲಿನ ಉಪ್ಪು ಕೆಳಗ ಹೋಗದಂಗ ತಡದು ಸಿಹಿನೀರು ಉಳಸೇತಿ."

"ಅಂದ್ರ ಅಲ್ಲಿ ಜೇಡಿ ಇದ್ರ ಛಲೋ, ಇಲ್ಲಿ ಇದ್ರ ಕೆಟ್ಟದ್ದು. ನಿನ್ನ ವಿದ್ಯಾದಾಗ ಎಲ್ಲಾದಕ್ಕೂ ಜೇಡೀನ."

"ಹೌದು ಮಾವಾರ," ಎಂದೆ. ಸೋತುಹೋಗಿದ್ದೆ.

ಅಕ್ಕ ಬದುವಿನ ಮೇಲೆ ಕುಳಿತು ಬಿಳಿ ಪೊರೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. "ಆ ಊರಾಗ ಕುಡಿಯೋ ನೀರು ಹಿಂಗ ಇರ್ತಾವೇನು?"

"ಇದಕ್ಕಿಂತ ಜಾಸ್ತಿ. ಬ್ಯಾಳಿ ಬೇಯಂಗಿಲ್ಲ ಅದರಾಗ."

ಅವಳು ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು. "ಮುಯ್ಯಕ್ಕ ಎತ್ತು ಕೊಡ್ತೀವಲ್ಲ ನಾವು?"

ಮುಯ್ಯಿ ಎಂದರೆ ನಮ್ಮ ಒಕ್ಕಲುತನದ ರೂಢಿ. ನಿಮ್ಮ ಹೊಲಕ್ಕೆ ಇಂದು ನನ್ನ ಎತ್ತು ಬಂದರೆ, ನಾಳೆ ನನ್ನ ಹೊಲಕ್ಕೆ ನಿಮ್ಮ ಎತ್ತೋ, ನಿಮ್ಮ ಮೈ ದುಡಿತವೋ ಬರಬೇಕು.

"ಕೊಡ್ತೀವಿ. ಯಾಕ?"

"ಹಬ್ಬದ ದಿನಾ ಹೂಡಂಗಿಲ್ಲ. ನಾಳಿಗೆ ಇವನ ಸಂಗಾಟ ಕಳಿಸೂಣು. ಹೊಲಕ್ಕ ಹೋಗೋ ಎತ್ತು ಯಾವ ಹೊಲಕ್ಕ ಹೋದ್ರೇನು? ಆ ಊರಿಗೆ ದುಡದು ಬರ್ಲಿ." ಮತ್ತೆ ನನಗೆ ಹೇಳಿದಳು, "ಜೋಡಿ ಮುರಿಯಂಗಿಲ್ಲ, ಎರಡೂ ಒಯ್ಯಬೇಕು. ಇಲ್ಲಿ ಚಾಕು ಹಚ್ಚಂಗಿಲ್ಲ. ಮತ್ತ ಮುಯ್ಯಿ ನೀನ ತೀರಸಬೇಕು, ಈ ಹೊಲದಾಗ."

ಒಪ್ಪಿದೆ. ಆ ಗಳಿಗೆಯಲ್ಲಿ ಗ್ವಾದಲಿಯನ್ನೂ ಹೊತ್ತು ಹೋಗೆಂದರೆ ಹೋಗುತ್ತಿದ್ದೆ. ಅದನ್ನೂ ಕೊಟ್ಟಳು, ಜೋಳದ ಸಮೇತ.

ಹೈದರಾಬಾದಿನವರೆಗೆ ಎರಡು ಎತ್ತುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದದ್ದನ್ನು ಬೆಳೆಸಿ ಹೇಳುವುದಿಲ್ಲ. ರೈಲಿನಲ್ಲಿ ಒಬ್ಬ ಮುದುಕಿ ನಮಸ್ಕಾರ ಮಾಡಿ ಕೋಡುಬಳೆಯ ಪ್ರಸಾದ ಬೇಡಿದಳು, ಕೊಟ್ಟೆ. ಪ್ರಯೋಗಶಾಲೆಯ ಮೇಜಿನ ಮೇಲೆ ಅವನ್ನು ಇಟ್ಟಾಗ ನಮ್ಮ ಹಿರಿಯ ಅಧಿಕಾರಿಗಳು, ಮೈಸೂರು ಕಡೆಯವರು, ಕನ್ನಡಕ ತೆಗೆದು ಒರೆಸಿಕೊಂಡರು.

"ಏನ್ರೀ ಇದು? ಜೇಡಿ ತನ್ನಿ ಅಂದ್ರೆ ಹಬ್ಬಾನೇ ತಂದಿದೀರಲ್ಲ."

"ಜೇಡಿನೇ ಸರ್. ನಮ್ಮ ದೊಡ್ಡವ್ವ ಕೈಯಾಡಿಸಿದ್ದಾಳೆ."

"ಯಾವ ನೀರು ಹಾಕಿ ಕಲಸಿದ್ದಾರೆ?"

"ಕಾಲುವೆ ನೀರು."

"ಸರಿ. ಹಾಗಾದ್ರೆ ಒಳಗೆ ಎಷ್ಟು ಉಪ್ಪಿತ್ತು ಅನ್ನೋದನ್ನ ಮರೆತುಬಿಡಿ. ಅದು ಹೋಯ್ತು."

ಬೈಗುಳ ಇನ್ನೂ ಇತ್ತು, ಎಲ್ಲವನ್ನೂ ನಿಂತು ಕೇಳಿಸಿಕೊಂಡೆ. ಆದರೆ ಜೇಡಿಯ ಜಾತಿ, ಅದರ ಕಣದ ನಯ, ಕೈಯಾಡಿಸಿದರೆ ಬದಲಾಗುವುದಿಲ್ಲ. ಅರಿಷಿಣ ಹತ್ತದ ಹೊಟ್ಟೆಯ ಒಳಭಾಗದಿಂದ ಹಿರಿಯರೇ ಚೂರು ತೆಗೆದರು. ಉಳಿದ ಊರುಗಳ ನೀಲಿ ಜೇಡಿಗೆ ಅದು ಹೊಂದಿತು. ವರದಿಯಲ್ಲಿ ಉಪ್ಪಿನ ಅಂಕಣ ಖಾಲಿ ಉಳಿಯಿತು, ಮಾದರಿ ಕೆಟ್ಟಿದೆ ಎಂದೂ ಬರೆಯಬೇಕಾಯಿತು, ಆದರೆ ಕಡೆಯ ಊರಿನ ಹೆಸರು ಪಟ್ಟಿಯಲ್ಲಿ ನಿಂತಿತು. ಮುಂದಿನ ಬೇಸಿಗೆಗೆ ಅಲ್ಲಿ ಬಾವಿ ಕೊರೆದರು. ನೀರು ಸಿಹಿಯಾಗಿ ಬಂತು.

ಅಷ್ಟರೊಳಗೆ ಕಂಪ್ಲಿಯಿಂದ ಮಾವನ ಹೇಳಿಕೆಗಳು ಬರತೊಡಗಿದ್ದವು, ಹೊಸಪೇಟೆಗೆ ಬಂದವರೆಲ್ಲರ ಬಾಯಲ್ಲೂ ಒಂದೇ: ಎತ್ತು ಹ್ವಾದವು, ಮುಯ್ಯಿ ಬರಲಿಲ್ಲ. ರಜೆ ಹಾಕಿ ಹೋದೆ. ಕೈಯಿಂದ ತಿರುವುವ ಗಿರಮಿಟ್ಟಿನಿಂದ ಕೆಳಗಿನ ಹೊಲದ ತುಂಬ ತೂತು ಕೊರೆದು, ಜೇಡಿ ಎತ್ತ ಇಳಿಜಾರಾಗಿದೆ ನೋಡಿ, ಬಸಿಗಾಲುವೆ ತೋಡಲು ಗೂಟ ಹೊಡೆದೆ. ಅಕ್ಕನ ಓಣಿಯವರು ಬದುವಿನ ಮೇಲೆ ಸಾಲಾಗಿ ಕುಳಿತು ನೋಡಿದರು. ಯಾರೋ ಒಬ್ಬ ತೆಂಗಿನಕಾಯಿಯನ್ನೂ ತಂದಿದ್ದ, ನನ್ನ ಗೂಟಕ್ಕೆ ಅದು ಹೊಂದುತ್ತದೋ ಇಲ್ಲವೋ ತಾಳೆ ನೋಡಲು. ಗೂಟದ ಸಾಲು ಹೋಗಿ ಪಕ್ಕದ ಹೊಲದವನ ಬದುವಿಗೆ ಮುಟ್ಟಿತು. ಅವನು ತನ್ನ ಹೊಲದಲ್ಲಿ ಹಾಯಲು ಬಿಡುವುದಿಲ್ಲವೆಂದು ಅಡ್ಡ ನಿಂತ.

"ಸುತ್ತು ಹಾಕಿ ಒಯ್ಯಾಕ ಬರಂಗಿಲ್ಲೇನು?" ಎಂದ ಮಾವ.

"ನೀರು ಸುತ್ತು ಹಾಕಂಗಿಲ್ಲ ಮಾವಾರ."

"ನಿನ್ನ ವಿದ್ಯಾ ಅಷ್ಟ ಏನು ಮತ್ತ?"

ಆ ಪಕ್ಕದವನನ್ನು ಒಪ್ಪಿಸಲು ಇನ್ನೂ ಕೆಲವು ಬೇಸಿಗೆ ಹಿಡಿಯಿತು. ಒಪ್ಪಿಸಿದವಳು ಅಕ್ಕ, ನಾನಲ್ಲ. ಬಸಿಗಾಲುವೆ ತೋಡಿದ ವರ್ಷ ಬಿಳಿ ಪೊರೆ ಹಾಗೇ ಇತ್ತು, ಅದರ ಮರುವರ್ಷ ತೆಳುವಾಯಿತು. ಮೊದಲ ಭತ್ತ ಬಂದಾಗ ಅಕ್ಕ ಒಂದು ಚೀಲ ಅಕ್ಕಿ ಕಳಿಸಿ, ಮುಯ್ಯಿ ತೀರಿತು ಎಂದು ಹೇಳಿ ಕಳಿಸಿದಳು. ಮಾವ ಮಾತ್ರ ಒಪ್ಪಲಿಲ್ಲ. ಹೊಲದ ಮೂಲೆಯಲ್ಲಿ ಇನ್ನೂ ಜೊಂಡು ಇದೆ ಎನ್ನುತ್ತಿದ್ದ.